ಚಕ್ರದ ಸದ್ದು ಎಲ್ಲಿಂದ ಬರುತ್ತೆ ಅನ್ನೋದಕ್ಕಿಂತ ಯಾವಾಗ ಬದಲಾಗುತ್ತೆ ಅನ್ನೋದು ಮುಖ್ಯ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಇಳಿಸಿ ಶ್ರೀನಿವಾಸಪುರದ ಕಡೆಗೆ ಖಾಲಿ ಪಿಕಪ್ ಓಡಿಸಿಕೊಂಡು ಬರುತ್ತಿದ್ದೆ. ವೇಗ 50 ದಾಟುತ್ತಿದ್ದಂತೆ ಮುಂದಿನ ಎಡಗಡೆಯಿಂದ ‘ಗುಂಯ್’ ಅಂತ ಸದ್ದು ಶುರುವಾಯಿತು. 60ಕ್ಕೆ ಅದೇ ‘ಗೊರ್ರ್’ ಆಯಿತು. ಅದಕ್ಕಿಂತ ಮೇಲೆ ಹೋಗಲು ಮನಸ್ಸಾಗಲಿಲ್ಲ. ಮಾರನೇ ದಿನ ಗ್ಯಾರೇಜಿಗೆ ಹೋಗಿ ‘ಮುಂದಿನ ಎಡಚಕ್ರ’ ಅಂದೆ. ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಇರುವ ಬೇರಿಂಗನ್ನು ಎಡಗಡೆ ಬಿಚ್ಚಿ ಹೊಸದು ಹಾಕಿದರು. ದುಡ್ಡು ಕೊಟ್ಟು ಹೊರಟವನು ಊರು ದಾಟುವಷ್ಟರಲ್ಲಿ ಅದೇ ಗೊರ್ರ್ ಮತ್ತೆ ಕೇಳಿಸಿತು.

ನಾನು ಜಾಗ ತೋರಿಸಿದೆ, ಅವರು ಅದನ್ನು ನಂಬಿದರು. ಪಿಕಪ್ಪಿನ ವಿಷಯದಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಇಂಥ ಗಾಡಿಯ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿ ಇದೆ. ನಾಲ್ಕೂ ಚಕ್ರಗಳು ಕೊನೆಗೆ ಬಂದು ಸೇರುವುದು ಅದಕ್ಕೇ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ ಸುಮಾರು 5,000 ಮೀಟರ್ ಹೋಗುತ್ತದೆ. ಒಂದು ಚಕ್ರದ ನಡುಕ ಚಾಸಿ ಹಿಡಿದು ಕ್ಯಾಬಿನ್ನಿನ ತಗಡಿಗೆ ತಲುಪಿ, ಎಲ್ಲಿ ತಗಡು ಸಡಿಲವಾಗಿದೆಯೋ ಅಲ್ಲಿ ತಮಟೆಯ ಹಾಗೆ ಮೊಳಗುತ್ತದೆ. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಕೇಳುವುದು ಆ ತಗಡಿನ ಸದ್ದು.

ಹಾಗಾಗಿ ‘ಎಲ್ಲಿಂದ’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸದ್ದು ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ, ಯಾವುದಕ್ಕೂ ಜಗ್ಗದೆ ಹಾಗೇ ಇರುವುದು ಯಾವಾಗ? ಈ ಮೂರು ಗೊತ್ತಾದರೆ ಜಾಗ ತಾನಾಗಿ ಗೊತ್ತಾಗುತ್ತದೆ.

ಮೊದಲು ಎಂಜಿನ್ನನ್ನು ಪಟ್ಟಿಯಿಂದ ತೆಗೆಯಿರಿ

ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿ. ಆ ಸದ್ದು ಬಂದರೆ ಅದಕ್ಕೂ ಚಕ್ರಕ್ಕೂ ಸಂಬಂಧವಿಲ್ಲ. ಬರದಿದ್ದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗ ಹಿಡಿದು, 40 ಅಂತಿಟ್ಟುಕೊಳ್ಳಿ, ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೆಯದರಲ್ಲಿ ಓಡಿಸಿ. ಗೇರು ಬದಲಾದಾಗ ಎಂಜಿನ್ನಿನ ಸುತ್ತು ಬದಲಾಗುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ಎರಡರಲ್ಲೂ ಸದ್ದು ಒಂದೇ ಥರ ಇದ್ದರೆ ಅದು ಗೇರ್‌ಬಾಕ್ಸಿನಿಂದ ಆಚೆಯದು: ಟೈರು, ಬೇರಿಂಗ್, ಬ್ರೇಕ್, ಗೇರ್‌ಬಾಕ್ಸಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲವೇ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆ. ಕೆಲವರು ಇಳಿಜಾರಿನಲ್ಲಿ ಕೀ ಆಫ್ ಮಾಡಿ ಕೇಳಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕಿಗೆ ಸಿಗುವ ಬೂಸ್ಟರಿನ ಬಲವೂ ನಾಲ್ಕು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.

ಜಾಕಿ ಎತ್ತುವ ಮುಂಚೆ ಒಂದು ಸುತ್ತು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬೆಳಕಿನಲ್ಲಿ ನಾಲ್ಕೂ ಚಕ್ರ ನೋಡಿ. ಎಷ್ಟೋ ಸಲ ಕೆಲಸ ಇಲ್ಲೇ ಮುಗಿಯುತ್ತದೆ. ಟೈರಿನ ಗೆರೆಗಳ ನಡುವೆ ಜಲ್ಲಿಕಲ್ಲು ಕಚ್ಚಿಕೊಂಡಿದ್ದರೆ ನಿಧಾನ ಹೋಗುವಾಗ ‘ಟಿಕ್ ಟಿಕ್’ ಅನ್ನುತ್ತದೆ. ಮೊಳೆ ಚುಚ್ಚಿಕೊಂಡಿದ್ದರೂ ಅದೇ ಸದ್ದು. ಕಲ್ಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆಯಬಹುದು. ಮೊಳೆಯನ್ನು ಮಾತ್ರ ಅಲ್ಲೇ ಕೀಳಬೇಡಿ, ಪಂಕ್ಚರ್ ಅಂಗಡಿಯವರೆಗೂ ಅದೇ ಬಿರಡೆಯಾಗಿ ಗಾಳಿ ತಡೆದಿರುತ್ತದೆ.

ನಂತರ ನಟ್ಟುಗಳು. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದೀರಾ, ಟೈರು ಬದಲಿಸಿದ್ದೀರಾ? ಆಮೇಲೆ ಶುರುವಾದ ‘ಕಟ್ ಕಟ್’ ಸದ್ದಾದರೆ, ಅದರಲ್ಲೂ ನಿಧಾನ ಹೋಗುವಾಗ ಜೋರಾಗಿ ಕೇಳಿ, ಸ್ಟೇರಿಂಗ್ ಅಥವಾ ಗಾಡಿಯ ಹಿಂಭಾಗ ಸಣ್ಣಗೆ ಅಲುಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಚಕ್ರದ ನಟ್ಟು ಸಡಿಲವಾಗಿರಬಹುದು. ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಹರಿದಿದ್ದರೆ, ಅಥವಾ ಬಣ್ಣ ಹೋಗಿ ಲೋಹ ಹೊಸದಾಗಿ ಹೊಳೆಯುತ್ತಿದ್ದರೆ ಅದು ಉಜ್ಜಾಡಿದ ಗುರುತು. ಈ ಲೇಖನದಲ್ಲಿ ಬರುವ ಸದ್ದುಗಳಲ್ಲೆಲ್ಲ ಅತ್ಯಂತ ಅಪಾಯದ್ದು ಇದೇ. ಬೇರಿಂಗ್ ದಿನಗಟ್ಟಲೆ ಕೂಗಿ ಹೇಳುತ್ತದೆ, ನಟ್ಟು ಅಷ್ಟು ಪುರುಸೊತ್ತು ಕೊಡುವುದಿಲ್ಲ. ಬಿಗಿ ಮಾಡುವಾಗ ಪಕ್ಕಪಕ್ಕದ ನಟ್ಟು ಹಿಡಿಯದೆ ಎದುರು ಬದುರಿನವನ್ನು ಒಂದಾದ ಮೇಲೊಂದು ಬಿಗಿಯಬೇಕು. ರಿಮ್ಮಿನ ತೂತು ಅಗಲವಾಗಿ ಕೋಳಿಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಆ ರಿಮ್ಮನ್ನು ಬಿಟ್ಟು ಸ್ಟೆಪ್ನಿ ಹಾಕಿಕೊಳ್ಳಿ.

ಟಿಕ್ ಟಿಕ್ ಅನ್ನುವುದನ್ನು ಎಣಿಸಿ

ಕಲ್ಲೂ ಇಲ್ಲ, ನಟ್ಟೂ ಬಿಗಿಯಾಗಿವೆ, ಆದರೂ ಟಿಕ್ ಟಿಕ್ ನಿಂತಿಲ್ಲ ಅನ್ನಿ. ಆಗ ಕಿವಿಗಿಂತ ಲೆಕ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ. 215/75 ಆರ್ 15 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 2.8 ಮೀಟರ್ ಸಾಗುತ್ತದೆ. ಅಂದರೆ 10 ಸೆಕೆಂಡಿನಲ್ಲಿ ಚಕ್ರ 12-13 ಸುತ್ತು ಹಾಕುತ್ತದೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು, 10ರ ವೇಗ ಹಿಡಿದು, ಫೋನಿನಲ್ಲಿ ಸಮಯ ನೋಡಿ ಎಣಿಸಲು ಹೇಳಿ. 12-13 ಟಿಕ್ ಬಂದರೆ ಅದು ಚಕ್ರದ ಜೊತೆ ತಿರುಗುವ ವಸ್ತುವಿನದು: ಟೈರು, ರಿಮ್, ಡ್ರಮ್, ಡಿಸ್ಕ್.

ಎಣಿಸಲಾಗದಷ್ಟು ಬೇಗ, 10 ಸೆಕೆಂಡಿಗೆ 50ರ ಆಸುಪಾಸು ಬಂದರೆ? ನಮ್ಮ ಪಿಕಪ್ಪುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರದಿಂದ ನಡೆಯುವ ಗಾಡಿಗಳು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಹೋಗಿ ಅಲ್ಲಿ ಕ್ರೌನ್ ಮತ್ತು ಪಿನಿಯನ್ ಅನ್ನುವ ಎರಡು ಹಲ್ಲುಚಕ್ರಗಳ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಆ ಹಲ್ಲುಗಳ ಲೆಕ್ಕ ನಾಲ್ಕಕ್ಕೆ ಒಂದು ಅಂತಿದ್ದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತು ಬಂದಿರುತ್ತದೆ. ಗುಬ್ಬಿ ಚಿಲಿಪಿಲಿಗುಟ್ಟಿದ ಹಾಗೆ ಬೇಗಬೇಗ ಬರುವ ‘ಕೀಚ್ ಕೀಚ್’ ಸದ್ದು ಬಹುಪಾಲು ಶಾಫ್ಟಿನ ಕೀಲಾದ ಜಾಯಿಂಟ್ ಕ್ರಾಸ್ ಗ್ರೀಸಿಲ್ಲದೆ ಒಣಗಿದ್ದರ ಸೂಚನೆ. ರಿವರ್ಸಿನಿಂದ ಮೊದಲನೇ ಗೇರಿಗೆ ಬಂದಾಗ ಅಡಿಯಲ್ಲಿ ‘ಟಣ್’ ಅಂದರೆ ಅನುಮಾನ ಇನ್ನೂ ಗಟ್ಟಿ. ತಿರುವಿನಲ್ಲಿ ‘ಕಟಕಟ’ ಅಂದರೆ ಮುಂದಿನ ಆಕ್ಸಲ್ ಜಾಯಿಂಟ್ ಹೋಗಿದೆ ಅಂತ ಕಾರಿನವರು ಹೇಳುವ ಮಾತು ಹಿಂದಿನ ಚಕ್ರದಿಂದ ನಡೆಯುವ ಪಿಕಪ್ಪಿಗೆ ಅನ್ವಯಿಸುವುದೇ ಇಲ್ಲ. ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ 4×4 ಗಾಡಿಯಾದರೆ ಮಾತ್ರ ಅದು ನಿಜ.

ಗುಂಯ್ ಅನ್ನುವುದು ಮೂವರಲ್ಲಿ ಯಾರು?

ಎಲ್ಲರನ್ನೂ ದಾರಿ ತಪ್ಪಿಸುವುದು ಎಡೆಬಿಡದೆ ಬರುವ ಗುಂಯ್‌ಗುಡುವಿಕೆ. ವೇಗ ಹೆಚ್ಚಿದಂತೆ ಹೆಚ್ಚುವ ಈ ಸದ್ದಿಗೆ ಮೂರು ಕಾರಣ: ಟೈರು, ಚಕ್ರದ ಬೇರಿಂಗ್, ಹಿಂದಿನ ಡಿಫರೆನ್ಷಿಯಲ್ (ಹೌಸಿಂಗಿನ ಒಳಗಿನ ಹಲ್ಲುಚಕ್ರಗಳ ಜೋಡಣೆ). ಮೂರೂ ಕೇಳಲು ಒಂದೇ ಥರ. ಆದರೆ ಒಂದೊಂದು ಒಂದೊಂದಕ್ಕೆ ಮಣಿಯುತ್ತದೆ.

ಟೈರು ರಸ್ತೆಗೆ ಮಣಿಯುತ್ತದೆ. ತರಿತರಿಯಾದ ಕಾಂಕ್ರೀಟ್ ರಸ್ತೆಯಿಂದ ಹೊಸದಾಗಿ ಹಾಕಿದ ನುಣುಪಾದ ಡಾಂಬರಿಗೆ ಬಂದಾಗ ಸದ್ದು ತಟ್ಟನೆ ಬದಲಾದರೆ ಅದು ಟೈರಿನದು. ಬೇರಿಂಗಿಗೆ ಕೆಳಗೆ ಯಾವ ರಸ್ತೆ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ಅಂಗೈಯನ್ನು ಟೈರಿನ ಮೇಲೆ ಮೆಲ್ಲಗೆ, ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಸವರಿ ನೋಡಿ. ತಂತಿ ಹೊರಗೆ ಬಂದಿದೆಯೇ ಅಂತ ಮೊದಲು ನೋಡಿಕೊಳ್ಳಿ, ಕೈ ಕೊಯ್ದುಕೊಂಡೀತು. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನಂತೆ ತಾಕಿದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಟ್ಟೆಯಂಥ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಸತ್ತು ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತಿದೆ. ಟೈರಿನ ಗಾಳಿ ಸರಿಮಾಡಿಕೊಂಡು ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿದಾಗ ಸದ್ದು ಜಾಗ ಬದಲಿಸಿದರೆ ಬೇರಿಂಗಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ.

ಡಿಫರೆನ್ಷಿಯಲ್ ಕಾಲಿಗೆ ಮಣಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ‘ಊಂ’ ಎಂದು ಎದ್ದು, ಕಾಲು ತೆಗೆದ ಕೂಡಲೇ ಸದ್ದಿನ ಧಾಟಿ ಬದಲಾದರೆ, ಇಲ್ಲವೇ ಒತ್ತಿದಾಗ ಸುಮ್ಮನಿದ್ದು ಕಾಲು ತೆಗೆದಾಗ ಕೂಗಿದರೆ, ಹೌಸಿಂಗಿನ ಒಳಗಿನ ಹಲ್ಲುಗಳೋ ಪಿನಿಯನ್ ಬೇರಿಂಗೋ ಸವೆದಿರಬೇಕು. ಮೊದಲು ಹೌಸಿಂಗ್ ಆಯಿಲ್ ಎಷ್ಟಿದೆ ನೋಡಿ.

ಚಕ್ರದ ಬೇರಿಂಗ್ ಮಣಿಯುವುದು ಭಾರಕ್ಕೆ. ನನ್ನ ಗಾಡಿಯ ಗುಟ್ಟು ಬಯಲಾಗಿದ್ದು ಇದರಿಂದಲೇ. ಎರಡನೇ ಸಲ ಬೇರೊಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಪಕ್ಕದಲ್ಲಿ ಬಂದು ಕೂತು, ‘ನಡಿಯಪ್ಪ, ಲೇಔಟ್ ಕಡೆ ಖಾಲಿ ರಸ್ತೆ ಐತಲ್ಲ, ಅಲ್ಲಿಗೆ ಬಿಡು’ ಅಂದರು. ಅಲ್ಲಿ 40ರ ವೇಗದಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿ ಹಾವು ಹರಿದ ಹಾಗೆ ಓಡಿಸಲು ಹೇಳಿದರು. ಎಡಕ್ಕೆ ತಿರುಗಿದಾಗ ಗೊರ್ರ್ ಜೋರಾಯಿತು. ಬಲಕ್ಕೆ ತಿರುಗಿದಾಗ ಹೆಚ್ಚುಕಡಿಮೆ ನಿಂತೇ ಹೋಯಿತು. ‘ಬಲಗಡೇದು ಹೋಗಿದೆ’ ಅಂದರು. ನನಗೆ ಅರ್ಥವಾಗಲಿಲ್ಲ, ‘ಎಡಕ್ಕೆ ತಿರುಗಿದ್ರಲ್ವಾ ಸದ್ದು ಬರೋದು ಅಣ್ಣ?’ ಅಂತ ಕೇಳಿದೆ. ‘ಬಸ್ಸು ಎಡಕ್ಕೆ ತಿರುಗಿದ್ರೆ ನಿಂತಿರೋ ನೀನು ಯಾವ ಕಡೆ ವಾಲ್ತೀಯ?’ ಅಂದರು.

ಗಾಡಿಯೂ ಹಾಗೇ. ಎಡಕ್ಕೆ ತಿರುಗಿದಾಗ ಅದರ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ. ಒಳಗೆ ಗಾಯಗೊಂಡ ಬೇರಿಂಗಿನ ಮೇಲೆ ಭಾರ ಬಿದ್ದರೆ ಅದು ನರಳುತ್ತದೆ, ಭಾರ ಇಳಿದರೆ ಸುಮ್ಮನಾಗುತ್ತದೆ. ಆದ್ದರಿಂದ ತಿರುಗಿದ ದಿಕ್ಕಿಗೆ ಎದುರಿನ ಚಕ್ರದ ಮೇಲೆ ಮೊದಲ ಅನುಮಾನ. ಕೆಲವು ಸಲ, ಬೇರಿಂಗ್ ಎಲ್ಲಿ ಸವೆದಿದೆ ಅನ್ನುವುದರ ಮೇಲೆ, ಇದು ಉಲ್ಟಾ ಆಗುವುದೂ ಉಂಟು. ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರದೆ ಜಾಕಿ ಎತ್ತಿ ಖಾತ್ರಿ ಮಾಡಿಕೊಳ್ಳಬೇಕು. ಈ ಪರೀಕ್ಷೆ ಖಾಲಿ ಗಾಡಿಯಲ್ಲಿ, ಜನ ಇಲ್ಲದ ರಸ್ತೆಯಲ್ಲಿ ಮಾತ್ರ. ಲೋಡು ತುಂಬಿದ ಪಿಕಪ್ಪನ್ನು ಹಾಗೆ ಹೊರಳಿಸಿದರೆ ಮಗುಚುತ್ತದೆ.

ಕೈಯಿಂದ ಖಾತ್ರಿ

ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೇ ಇರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು ಜಾಕಿ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹಿಂದಿನ ಚಕ್ರ ನೋಡುವುದಾದರೆ ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ, ಆಗ ಮುಂದಿನ ಚಕ್ರಗಳಿಗೆ ತಡೆ ಕೊಡದಿದ್ದರೆ ಗಾಡಿ ಜಾಕಿಯಿಂದ ಉರುಳಿ ಬೀಳುತ್ತದೆ.

ಎತ್ತಿದ ಚಕ್ರವನ್ನು ಗಡಿಯಾರದ ಮುಖ ಅಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಕೈಯಿಟ್ಟು ಮೇಲಿನ ಕೈಯಿಂದ ದೂಡಿ, ಕೆಳಗಿನ ಕೈಯಿಂದ ಎಳೆಯಿರಿ. ‘ಲಟ್’ ಅಂತ ಆಡಿದರೆ ಬೇರಿಂಗ್ ಸಡಿಲವಿರಬಹುದು, ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೀಲಾದ ಬಾಲ್ ಜಾಯಿಂಟೂ ಆಗಿರಬಹುದು. ಇವೆರಡನ್ನು ಬೇರೆ ಮಾಡುವ ಉಪಾಯ ಸುಲಭ: ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಚಕ್ರ ಮತ್ತು ಅದನ್ನು ಹೊತ್ತ ಭಾಗ ಒಂದಾಗುತ್ತವೆ. ಆಟ ನಿಂತರೆ ಬೇರಿಂಗ್, ಆಗಲೂ ಆಡಿದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಡುವ ಮುಂದಿನ ಚಕ್ರ, ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡಿನ ಕಡೆ ಬೆರಳು ತೋರಿಸುತ್ತದೆ.

ಆಮೇಲೆ ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ತಿರುಗುವ ಭಾಗಗಳಿಂದ ದೂರವಾಗಿ ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಡಿ. ಒಳ್ಳೆಯ ಬೇರಿಂಗ್ ಇದ್ದರೆ ಅಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಟ್ಟಿದ್ದರೆ ರಾಗಿ ಬೀಸುವ ಕಲ್ಲಿನ ಮೇಲೆ ಕೈಯಿಟ್ಟ ಹಾಗೆ ಗರಗರ ತಾಕುತ್ತದೆ. ಸ್ಪ್ರಿಂಗ್ ಆ ನಡುಕವನ್ನು ಕಿವಿಗಿಂತ ಚೆನ್ನಾಗಿ ತಿಳಿಸುತ್ತದೆ. ಎಷ್ಟೋ ಬೇರಿಂಗುಗಳು ಸ್ವಲ್ಪವೂ ಆಡದೆ, ಬರೀ ಗರಗರದಿಂದಲೇ ಸಿಕ್ಕಿಬೀಳುತ್ತವೆ. ‘ಪ್ಲೇ ಇಲ್ಲ, ಬೇರಿಂಗ್ ಸರಿಯಿದೆ’ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ.

ಬ್ರೇಕಿನ ಮಾತು ಚಿಕ್ಕದು. ಓಡುವಾಗ ಬರುವ ಸದ್ದು ಬ್ರೇಕನ್ನು ಹಗುರವಾಗಿ ಮುಟ್ಟಿದ ಕೂಡಲೇ ನಿಂತರೆ, ಅಥವಾ ಆಗಲೇ ಶುರುವಾದರೆ, ಅದು ಬ್ರೇಕಿನದು. ‘ಕೀಂಯ್’ ಅನ್ನುವುದು ಬಹಳಷ್ಟು ಪ್ಯಾಡುಗಳಲ್ಲಿ ಸವೆತ ತಿಳಿಸಲೆಂದೇ ಇಟ್ಟಿರುವ ತಗಡಿನ ನಾಲಿಗೆ ಡಿಸ್ಕಿಗೆ ತಾಕುವ ಸದ್ದು. ‘ಕರ್ ಕರ್’ ಅಂತ ಲೋಹ ಲೋಹವನ್ನು ಅರೆಯುತ್ತಿದ್ದರೆ ಪ್ಯಾಡು ಮುಗಿದಿದೆ, ಗಾಡಿ ನಿಲ್ಲಿಸಬೇಕು. ರಾತ್ರಿ ಮಳೆಯಲ್ಲಿ ನೆನೆದ ಗಾಡಿ ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಉಜ್ಜಿದ ಸದ್ದು ಮಾಡಿದರೆ ಡಿಸ್ಕಿನ ಮೇಲಿನ ತೆಳು ತುಕ್ಕು ಹೋಗುತ್ತಿದೆ ಅಷ್ಟೇ, ಗಾಬರಿ ಬೇಡ. ಹಿಂದಿನ ಡ್ರಮ್ಮಿನ ಒಳಗೆ ಲೈನರ್ ಪುಡಿ ತುಂಬಿಕೊಂಡು ಕಿರುಗುಡುವುದೂ ಸಾಮಾನ್ಯ. ಅಲ್ಲಿ ಎಣ್ಣೆಯ ಜಿಡ್ಡು ಕಂಡರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಆಕ್ಸಲ್ ಸೀಲ್ ಹೋಗಿ ಹೌಸಿಂಗ್ ಆಯಿಲ್ ಲೈನರಿಗೆ ಬರುತ್ತಿದ್ದರೆ ಬ್ರೇಕೇ ಹಿಡಿಯದ ದಿನ ಬರುತ್ತದೆ.

ಹಂಪಿನ ಮೇಲೆ, ಗುಂಡಿಯಲ್ಲಿ ಮಾತ್ರ ಕೇಳುವ ‘ಲೊಡ್ ಲೊಡ್’ ತಿರುಗುವ ವಸ್ತುವಿನದಲ್ಲ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಕಟ್ಟಾಗಿದೆಯೇ, ಶ್ಯಾಕಲ್ ಬುಷ್ ಸವೆದಿದೆಯೇ, ಯು ಬೋಲ್ಟ್ ಸಡಿಲವೇ, ಶಾಕ್ ಅಬ್ಸಾರ್ಬರಿನ ರಬ್ಬರ್ ಹೋಗಿದೆಯೇ ನೋಡಿ.

ಬೇರಿಂಗ್ ಯಾಕೆ ಸಾಯುತ್ತದೆ

ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚು ‘ಕೀರ್’ ಅಂದರೆ ಕೀಲೆಣ್ಣೆ ಹಾಕುತ್ತಿದ್ದರು, ಸದ್ದು ನಿಲ್ಲುತ್ತಿತ್ತು. ಆ ಅಭ್ಯಾಸದಿಂದ ಈಗಲೂ ‘ಸದ್ದು ಬರ್ತಿದೆ, ಸ್ವಲ್ಪ ಗ್ರೀಸ್ ತುಂಬಿ’ ಅನ್ನುವವರಿದ್ದಾರೆ. ಬಂಡಿಯಲ್ಲಿ ಚಕ್ರದ ನಡುವಿನ ಗುಂಬ ಅಚ್ಚಿನ ಮೇಲೆ ನೇರವಾಗಿ ಉಜ್ಜುತ್ತದೆ. ಬೇರಿಂಗಿನಲ್ಲಿ ಉಕ್ಕಿನ ಉರುಳೆಗಳು ಎರಡು ಉಕ್ಕಿನ ಬಳೆಗಳ ನಡುವೆ ಉರುಳುತ್ತವೆ. ಆ ಬಳೆಯ ಮೇಲೊಮ್ಮೆ ಚಕ್ಕೆ ಎದ್ದರೆ ಯಾವ ಗ್ರೀಸೂ ಅದನ್ನು ಮುಚ್ಚಲಾರದು. ಸದ್ದು ಎರಡು ದಿನ ತಗ್ಗಬಹುದು, ಗಾಯ ಬೆಳೆಯುತ್ತಲೇ ಇರುತ್ತದೆ.

ಪಿಕಪ್ಪಿನಂಥ ಗಾಡಿಗಳ ಮುಂದಿನ ಹಬ್ಬಿನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಬಹಳಷ್ಟು ಕಡೆ ಇರುವುದು ಓರೆ ಉರುಳೆಯ ಟೇಪರ್ ಬೇರಿಂಗ್, ಮೇಸ್ತ್ರಿಗಳ ಮಾತಿನಲ್ಲಿ ಕಪ್ಪು (ಹೊರಗಿನ ಬಳೆ) ಮತ್ತು ಕೋನು (ಉರುಳೆಗಳಿರುವ ಒಳಗಿನ ಬಳೆ). ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರಾದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಯಲ್ಲಿ ಕುದುರೆಗಾಡಿ ಮಾಡುತ್ತಿದ್ದವರು. ತಿರುವಿನಲ್ಲಿ ಚಕ್ರದ ಮೇಲೆ ಮೇಲಿನ ಭಾರ ಮಾತ್ರವಲ್ಲ, ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಓರೆಯಾಗಿಟ್ಟ ಉರುಳೆ ಎರಡನ್ನೂ ಹೊರುತ್ತದೆ.

ಎಷ್ಟು ಹೊರುತ್ತದೆ ಅನ್ನುವುದಕ್ಕೆ ಲೆಕ್ಕವಿದೆ. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್ ಹಾಕಿಕೊಟ್ಟ ದಾರಿಯಲ್ಲೇ ಇವತ್ತಿಗೂ ಬೇರಿಂಗಿನ ಆಯುಷ್ಯ ಲೆಕ್ಕ ಹಾಕುತ್ತಾರೆ. ಆ ಪ್ರಕಾರ ಉರುಳೆ ಬೇರಿಂಗಿನ ಮೇಲಿನ ಭಾರ ಕಾಲುಭಾಗ ಹೆಚ್ಚಿದರೆ ಆಯುಷ್ಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಭಾರ ಎರಡರಷ್ಟಾದರೆ ಆಯುಷ್ಯ ಹತ್ತರಲ್ಲಿ ಒಂದು ಪಾಲು. ನಮ್ಮ ಕಡೆ ಟೊಮೆಟೊ ಬಾಕ್ಸ್ ಅಂದರೆ 15 ಕೆ.ಜಿ. ನೂರು ಬಾಕ್ಸಿಗೆ ಒಂದೂವರೆ ಟನ್. ‘ಇನ್ನೊಂದು ಮೂವತ್ತು ಬಾಕ್ಸ್ ಹಾಕು, ಏನಾಗಲ್ಲ’ ಅಂದಾಗ ಆ ದಿನ ನಿಜವಾಗಿಯೂ ಏನೂ ಆಗುವುದಿಲ್ಲ. ಆ ಲೆಕ್ಕವನ್ನು ಬೇರಿಂಗ್ ಆಮೇಲೆ ತೀರಿಸಿಕೊಳ್ಳುತ್ತದೆ.

ಭಾರದಷ್ಟೇ ದೊಡ್ಡ ಶತ್ರು ನೀರು. ಓಡಿ ಬಿಸಿಯಾದ ಹಬ್ಬು ಕೆರೆಕೋಡಿಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸಿನಲ್ಲಿ ಹಬ್ಬಿಗೇ ನೇರವಾಗಿ ಪೈಪು ಹಿಡಿದರೂ ಅದೇ ಫಲ. ಮೂರನೆಯದು ಕೈತಪ್ಪು: ಹೊಸ ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು, ಕೋನನ್ನು ಹೊಸದು ಹಾಕಿ ಕಪ್ಪನ್ನು ಹಳೆಯದೇ ಬಿಡುವುದು, ಆಕ್ಸಲ್ ನಟ್ಟನ್ನು ಅತಿ ಬಿಗಿ ಮಾಡುವುದು. ಟೇಪರ್ ಬೇರಿಂಗಿನ ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಉರುಳೆಗಳು ಕೂತ ಮೇಲೆ ಮತ್ತೆ ಸ್ವಲ್ಪ ಸಡಿಲಿಸಿ, ಕಂಪನಿ ಹೇಳಿದ ಅಳತೆಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಬಿಗಿಯಾಗಿ ಬಿಟ್ಟರೆ ಹಬ್ಬು ಕಾದು ಗ್ರೀಸು ಕರಗಿ ಹೊರಗೆ ಹರಿಯುತ್ತದೆ. ರಿಪೇರಿಯಾದ ಮೇಲೆ ಹತ್ತು ಕಿ.ಮೀ. ಓಡಿಸಿ, ಪ್ರತಿ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಬಿಸಿ ನೋಡಿ, ಮುಟ್ಟಬೇಡಿ. ಮೂರು ಚಕ್ರಕ್ಕಿಂತ ಒಂದರಲ್ಲಿ ಕಾವು ಎದ್ದು ತೋರಿದರೆ ವಾಪಸ್ ಹೋಗಿ. 50-100 ಕಿ.ಮೀ. ಆದಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ.

ಈಗ ನಾನು ಗ್ಯಾರೇಜಿಗೆ ಹೋದರೆ ಜಾಗ ಹೇಳುವುದಿಲ್ಲ. ‘50ರಿಂದ ಗುಂಯ್ ಶುರು, ಗೇರು ಬದಲಿಸಿದರೂ ಅಷ್ಟೇ, ರಸ್ತೆ ಬದಲಾದರೂ ಅಷ್ಟೇ, ಎಡಕ್ಕೆ ತಿರುಗಿಸಿದರೆ ಜೋರು, ಬ್ರೇಕ್ ಒತ್ತಿದರೆ ವ್ಯತ್ಯಾಸವಿಲ್ಲ, ಹೋದ ವಾರ ನೀರಿನಲ್ಲಿ ಇಳಿಸಿದ್ದೆ’ ಅನ್ನುತ್ತೇನೆ. ಇಷ್ಟು ಕೇಳಿದ ಮೇಸ್ತ್ರಿ ಮೊದಲು ಎಲ್ಲಿ ಕೈ ಹಾಕಬೇಕು ಅಂತ ಯೋಚಿಸುತ್ತಾ ನಿಲ್ಲಬೇಕಿಲ್ಲ.

ಅವತ್ತು ಬಲಗಡೆಯ ಹಬ್ಬು ಬಿಚ್ಚಿದಾಗ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ನೀರು ಸೇರಿದ ಗುರುತು. ಒರೆಸಿ ನೋಡಿದರೆ ಕಪ್ಪಿನ ಒಳಮೈಯಲ್ಲಿ ಕಿರುಬೆರಳ ಉಗುರಿನಷ್ಟು ಚಕ್ಕೆ ಎದ್ದಿತ್ತು. ಮೊದಲ ಸಲ ಬಿಚ್ಚಿ ಕೊಟ್ಟಿದ್ದ ಎಡಗಡೆಯ ಬೇರಿಂಗ್ ಸೀಟಿನ ಕೆಳಗೇ ಇತ್ತು. ಮೇಸ್ತ್ರಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆರಳಿನಿಂದ ತಿರುಗಿಸಿದರು. ಒಂದು ಗೀರೂ ಇರಲಿಲ್ಲ. ಸದ್ದಿಲ್ಲದೆ ತಿರುಗಿತು.